ಹುಳಕ್ಕೆ ಮದ್ದು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಎಲ್ಲಾದರೂ ರುಜು ಹಾಕುವಾಗ ಬಿಟ್ಟರೆ ಅದು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಊರಿಗೆಲ್ಲ ಅವನು ಮದ್ದಿನಣ್ಣ. ಬೆನ್ನಿಗೆ ಪಂಪು, ಬಾಯಿಗೆ ಮಾಸಿದ ಬಟ್ಟೆ, ಕೈಯಲ್ಲಿ ಉದ್ದನೆಯ ಕೊಳವೆ. ಇಪ್ಪತ್ತು ಚಿಲ್ಲರೆ ವರ್ಷ ಅಡುಗೆಮನೆ, ಗೋದಾಮು, ಮೋರಿ, ಲಾಡ್ಜು ಅಂತ ಸುತ್ತಿ ಜಿರಳೆ, ತಿಗಣೆ, ಗೆದ್ದಲು ಕೊಂದು ಸಂಸಾರ ಸಾಗಿಸಿದವನು. ಅವನು ಹೊಸಿಲು ದಾಟಿದರೆ ಜನ ಪಾತ್ರೆ ಮುಚ್ಚಿ, ಮಕ್ಕಳ ಕೈ ಹಿಡಿದು ಹೊರಗೆ ನಡೆಯುತ್ತಿದ್ದರು. "ನನ್ನ ಕಂಡ್ರೆ ಮೊದಲು ಓಡೋದು ಮನುಷ್ಯರು, ಆಮೇಲೆ ಜಿರಳೆ" ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಮದ್ದು ಗೋಡೆಗೆ ಎಷ್ಟು ಹೋಯಿತೋ ಅವನ ಎದೆಗೂ ಅಷ್ಟೇ ಹೋಯಿತು. ಮೊದಲು ಮೂಗು ಸತ್ತಿತು. ಹಾಲು ಹೊತ್ತಿದರೂ ಗೊತ್ತಾಗದು, ಹೂ ಹಿಡಿದರೂ ಗೊತ್ತಾಗದು. ಆಮೇಲೆ ಕೆಮ್ಮು ಬಂದು ಕೂತಿತು, ಬಿಟ್ಟಿ ಊಟದ ನೆಂಟನ ಹಾಗೆ. ಆಸ್ಪತ್ರೆಯ ಡಾಕ್ಟರು ಎದೆಯ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಪಂಪ್ ಬಿಡ್ತೀಯೋ ಉಸಿರು ಬಿಡ್ತೀಯೋ, ಯಾವುದಾದ್ರೂ ಒಂದು ಬಿಡಲೇಬೇಕು."

ಬಿಡು ಎನ್ನುವುದಕ್ಕೆ ಖರ್ಚಿಲ್ಲ. ಐವತ್ತು ದಾಟಿದವನಿಗೆ, ಕೊಲ್ಲುವುದೊಂದು ಬಿಟ್ಟು ಬೇರೆ ಕಸುಬು ಬಾರದವನಿಗೆ, ಯಾರು ಕರೆದು ಕೆಲಸ ಕೊಡುತ್ತಾರೆ?

ಕೊಟ್ಟರು, ಅದೇ ವಿಚಿತ್ರ. ಒಂದು ದೊಡ್ಡ ಕಾಲೇಜಿನ ನೆಲಮಾಳಿಗೆಗೆ ಮದ್ದು ಹೊಡೆಯಲು ಹೋಗಿದ್ದಾಗ, ಮೂಲೆಯ ಕೋಣೆಯ ಬಾಗಿಲಿಗೆ ಒಬ್ಬ ಹೆಂಗಸು ಎರಡೂ ಕೈ ಅಗಲಿಸಿ ಅಡ್ಡ ನಿಂತಳು. ಕನ್ನಡಕ, ಕೂದಲ ಗಂಟಿಗೆ ಸಿಕ್ಕಿಸಿದ ಪೆನ್ಸಿಲು, ಮುಖದಲ್ಲಿ ಗಾಬರಿ.

"ಇಲ್ಲಿ ಹೊಡೀಬೇಡಿ, ಒಳಗೆ ಜಿರಳೆ ಇದೆ."

"ಅದಕ್ಕೇ ಅಲ್ವಾ ತಾಯಿ ಹೊಡೆಯೋದು?"

"ಇವು ನಾವು ಸಾಕಿರೋದು."

ಮದ್ದಿನಣ್ಣ ಪಂಪು ಕೆಳಗಿಟ್ಟು ಅವಳನ್ನೇ ನೋಡಿದ. ಹುಚ್ಚಾಸ್ಪತ್ರೆ ಬೇರೆ ರಸ್ತೆಯಲ್ಲಿದೆ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ದಿಂಬಿನ ಚೀಲ ಹೊಲಿಯುತ್ತಿದ್ದವಳು ಹೊಲಿಗೆ ನಿಲ್ಲಿಸಲಿಲ್ಲ. "ಸಾಕೋಕೆ ಆಳು ಬೇಕಾ ಅಂತ ಕೇಳ್ಕೊಂಡು ಬನ್ನಿ. ನಿಮ್ಮ ಕೆಮ್ಮು ಕೇಳಿ ಕೇಳಿ ನನಗಂತೂ ಸಾಕಾಗಿದೆ."

ಆಳು ಬೇಕಾಗಿತ್ತು. ಆ ಕೋಣೆಯಲ್ಲಿ ಯಾರೂ ಮೂರು ತಿಂಗಳು ನಿಲ್ಲುತ್ತಿರಲಿಲ್ಲವಂತೆ. ವಾಸನೆಗೆ ಓಡಿಹೋಗುತ್ತಿದ್ದರು. ಮೂಗು ಸತ್ತವನಿಗೆ ಅದೇ ಅರ್ಹತೆಯಾಯಿತು.

ಹೀಗೆ ಅವನು ಕೊಲ್ಲುವವರ ಕಡೆಯಿಂದ ಸಾಕುವವರ ಕಡೆಗೆ ಬಂದ. ಕೆಲಸ ದೊಡ್ಡದೇನಲ್ಲ. ಮರದ ಅಂಚಿನ ಗಾಜಿನ ಪೆಟ್ಟಿಗೆಗಳಲ್ಲಿ ಅವು ಅಡಗಿ ಕೂರಲು ಮೊಟ್ಟೆಯ ರಟ್ಟಿನ ಟ್ರೇಗಳನ್ನು ನಿಲ್ಲಿಸುವುದು, ಅವು ಹೀರುವ ನೀರಿನ ಬತ್ತಿ ಒದ್ದೆಯಾಗಿಡುವುದು, ಸತ್ತದ್ದನ್ನು ತೆಗೆಯುವುದು. ಆ ಕನ್ನಡಕದ ಮೇಡಂಗೆ ಬೇಕಾದಾಗ ಒಂದನ್ನು ಹಿಡಿದು ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಡಬೇಕು. ಚಳಿಗೆ ಅದು ಮಂಕಾಗುತ್ತದೆ. ಆಗ ಕಾಲಿನ ಗಿಣ್ಣುಗಳಿಗೆ ಸೂಜಿಮೊನೆಯಷ್ಟು ಬಿಳಿ ಬಣ್ಣ ಹಚ್ಚಿ ಓಟದ ಹಾದಿಯಲ್ಲಿ ಬಿಡಬೇಕು. ಮೇಲೆ ಒಂದು ಕ್ಯಾಮೆರಾ ಕಣ್ಣು ಮಿಟುಕಿಸದೆ ನೋಡುತ್ತಿರುತ್ತದೆ.

ಇದೆಲ್ಲ ಯಾತಕ್ಕೆಂದರೆ ಪಕ್ಕದ ಕೋಣೆಯ ಯಂತ್ರಕ್ಕೆ. ಮೊರದಷ್ಟು ಅಗಲದ ಮೈ, ಬಿದಿರಿನ ಸೀಳಿನಂತೆ ಬಳುಕುವ ಆರು ಕಾಲು. ಎಲ್ಲರೂ ಅದನ್ನು ಆರ್ಕಾಲ ಎಂದು ಕರೆಯುತ್ತಿದ್ದರು. ಕಟ್ಟಡ ಕುಸಿದು ಬಿದ್ದ ಕಡೆ, ಮನುಷ್ಯ ನುಗ್ಗಲಾರದ ಸಂದಿಯಲ್ಲಿ ಇದು ನುಗ್ಗಿ ಒಳಗೆ ಯಾರಾದರೂ ಇದ್ದಾರಾ ನೋಡಬೇಕು. ಅದಕ್ಕೆ ಇದು ಜಿರಳೆಯಿಂದ ಓಟ ಕಲಿಯಬೇಕು. ಒಂದು ಮಗ್ಗುಲಿನ ಮುಂದಿನದು, ಹಿಂದಿನದು, ಇನ್ನೊಂದು ಮಗ್ಗುಲಿನ ನಡುವಿನದು ಹೀಗೆ ಮೂರು ಕಾಲು ನೆಲ ಊರಿದಾಗ ಉಳಿದ ಮೂರು ಗಾಳಿಯಲ್ಲಿ. ಮೂರುಕಾಲಿನ ಸ್ಟೂಲು ಮಗುಚುವುದಿಲ್ಲವಲ್ಲ, ಹಾಗೆ. ಜಿರಳೆಗೆ ಹುಟ್ಟಿನಿಂದಲೇ ಬರುವ ಈ ವಿದ್ಯೆ ಆರ್ಕಾಲನಿಗೆ ಬರಲಿಲ್ಲ. ಒಂದು ಇಟ್ಟಿಗೆ ಅಡ್ಡ ಬಂದರೆ ಕುಡುಕನ ಹಾಗೆ ಅಂಗಾತ ಬೀಳುತ್ತಿತ್ತು.

ಮೇಡಂ ಮೇಜಿನ ಪರದೆಯ ಮೇಲೆ ಇನ್ನೊಂದು ಜಾತಿಯವು ಇದ್ದವು. ಕಡ್ಡಿ ಜೋಡಿಸಿದಂಥ ಜೀವಗಳು, ಬರೀ ಗೆರೆ. ಅವು ತಾವೇ ಹುಟ್ಟಿ, ತೆವಳಿ, ಓಡಲು ನೋಡುತ್ತಿದ್ದವು. ದೂರ ಹೋದವಕ್ಕೆ ಮರಿಯಾಗುತ್ತಿತ್ತು. ಹೋಗದವು ಅಳಿಸಿಹೋಗುತ್ತಿದ್ದವು. ಮರಿಗಳಲ್ಲಿ ಚುರುಕಾದವಕ್ಕೆ ಮತ್ತೆ ಮರಿ. ಹೀಗೇ ತಲೆಮಾರು ಉರುಳಿ ಉರುಳಿ ಕೊನೆಗೆ ಒಳ್ಳೆ ಓಟಗಾರ ಸಿಕ್ಕರೆ, ಅದರ ನಡಿಗೆಯನ್ನು ಆರ್ಕಾಲನ ತಲೆಗೆ ತುಂಬುವುದು. ಮದ್ದಿನಣ್ಣ ಚಹಾ ಕುಡಿಯುತ್ತ ನೋಡುತ್ತಿದ್ದ.

"ಇವು ಸಾಯ್ತಾನೇ ಇರ್ತಾವಲ್ಲ ಮೇಡಂ."

"ಸಾಯದಿದ್ರೆ ಉಳಿದವು ಕಲಿಯೋದು ಹೇಗೆ ಅಣ್ಣ?"

"ನಮ್ಮ ಮಗ್ಗಿ ಮೇಷ್ಟ್ರೂ ಹಿಂಗೇ ಅಂತಿದ್ರು" ಎಂದ ಅವನು.

ಕೆಮ್ಮು ಹತೋಟಿಗೆ ಬಂತು. ಹೆಂಡತಿ ಮಾತ್ರ ಹೊರಗೆ ಯಾರು ಕೇಳಿದರೂ "ಕಾಲೇಜಲ್ಲಿ ಇದಾರೆ" ಅನ್ನುವಳೇ ಹೊರತು ಏನು ಕೆಲಸ ಎಂದು ಬಾಯಿ ಬಿಡುತ್ತಿರಲಿಲ್ಲ. ಒಂದು ವರ್ಷ ಹೀಗೆ ಹೋಯಿತು.

ಆಮೇಲೆ ಪೆಟ್ಟಿಗೆಗಳಲ್ಲಿ ನುಸಿ ಬಿತ್ತು. ಹಿಟ್ಟು ಚೆಲ್ಲಿದ ಹಾಗೆ ಬಿಳೀ ಪುಡಿ, ಕಣ್ಣಿಟ್ಟು ನೋಡಿದರೆ ಪುಡಿ ನಡೆಯುತ್ತಿದೆ. ಜಿರಳೆಯ ಕಾಲ್ಸಂದಿಯಲ್ಲೆಲ್ಲ ಅದೇ. ಮೇಡಂ ಯಾವುದೋ ಸಭೆಗೆ ರೈಲಿನಲ್ಲಿ ಹೊರಟಿದ್ದಳು. ಅವನು ಫೋನು ಮಾಡಿದ.

"ಮೇಡಂ, ಪೆಟ್ಟಿಗೇಲಿ ಹುಳ ಬಿದ್ದಿದೆ. ಸಣ್ಣದು, ನುಸಿ."

"ಅಯ್ಯೋ, ಹೌದಾ? ಹುಳಕ್ಕೆ ಮದ್ದು ಹಾಕಿಬಿಡಿ ಅಣ್ಣ. ಈಗಲೇ ಹಾಕಿ. ಅಲ್ಲೇ ಕ—"

ರೈಲು ಸುರಂಗಕ್ಕೆ ಹೋಯಿತೋ ಏನೋ, ಮಾತು ಕಡಿಯಿತು.

ಹುಳಕ್ಕೆ ಮದ್ದು. ಇರುವುದು ಎರಡೇ ಪದ. ಅವಳ ಮನೆಯಲ್ಲಿ ಅಜ್ಜಿ ಕಷಾಯಕ್ಕೂ ಮದ್ದು ಅನ್ನುವವಳು, ಮಾತ್ರೆಗೂ ಮದ್ದು ಅನ್ನುವವಳು. ಮದ್ದು ಎಂದರೆ ವಾಸಿ ಮಾಡುವುದು. ಹುಳ ಎಂದರೆ ಅವಳ ಜಿರಳೆ. ಅವಳು ಹೇಳಹೊರಟ, ಕಪಾಟಿನ ಮೇಲಿನ ಖಾನೆಯ ಡಬ್ಬಿಯಲ್ಲಿದ್ದ ಪುಡಿಯನ್ನು ಜಿರಳೆಗಳ ಮೈಮೇಲೆ ಉದುರಿಸಿದರೆ ನುಸಿಗಳು ಹಿಡಿತ ತಪ್ಪಿ ಜಾರಿ ಬೀಳುತ್ತವೆ, ಅಷ್ಟೇ. ಅವನ ಕಸುಬಿನಲ್ಲಿ ಹುಳ ಎಂದರೆ ಬೇಡವಾದದ್ದು, ಇಲ್ಲಿ ನುಸಿ. ಮದ್ದು ಎಂದರೆ ಅದನ್ನು ಸಾಯಿಸುವುದು. ಇಬ್ಬರೂ ಕನ್ನಡವನ್ನೇ ಆಡಿದ್ದರು.

ಅವನೇನು ಕಣ್ಣು ಮುಚ್ಚಿ ಮಾಡಲಿಲ್ಲ. ಮನೆಗೆ ಹೋಗಿ, ಅಟ್ಟದ ಮೇಲೆ ಹಳೇ ಚೀಲದಲ್ಲಿ ಉಳಿದಿದ್ದ ತಗಡಿನ ಡಬ್ಬಿ ತಂದ. ನುಸಿಗೆ ಸಾಕಾಗುವಷ್ಟು, ತೀರಾ ತೆಳ್ಳಗೆ ಕಲಸಿದ. ಅಷ್ಟು ನೀರಾದ ಮದ್ದಿಗೆ ಜಿರಳೆ ಸಾಯದು ಎಂಬುದು ಅವನಿಗೆ ಅಂಗೈ ನೆಲ್ಲಿಯಷ್ಟು ಸ್ಪಷ್ಟ. ಊರಿನ ಜಿರಳೆಗಳು ಇದರ ಹತ್ತರಷ್ಟನ್ನು ಕುಡಿದು ಮೀಸೆ ಒರೆಸಿಕೊಂಡು ಹೋಗುವುದನ್ನು ಅವನು ಕಂಡಿದ್ದ. ಬ್ರಷ್ಷಿನಿಂದ ಪೆಟ್ಟಿಗೆಗಳ ಅಂಚಿಗೆ ಸವರಿ, ಬೀಗ ಹಾಕಿ ಮನೆಗೆ ಹೋದ.

ಬೆಳಿಗ್ಗೆ ಬಾಗಿಲು ತೆರೆದರೆ ಎಲ್ಲವೂ ಅಂಗಾತ ಬಿದ್ದಿದ್ದವು. ನುಸಿಯೂ ಸತ್ತಿತ್ತು, ನಿಜ.

ಇಂಥ ನೋಟ ಅವನಿಗೆ ಹೊಸದಲ್ಲ. ಹಿಂದೆಲ್ಲ ಇದನ್ನು ಮನೆಯ ಯಜಮಾನನಿಗೆ ತೋರಿಸಿ, "ನೋಡಿ ಸ್ವಾಮಿ, ಹೆಂಗಿದೆ ಕೆಲಸ" ಎನ್ನುತ್ತಿದ್ದ. ಈಗ ಯಾರಿಗೆ ತೋರಿಸುವುದು? ಸ್ಟೂಲಿನ ಮೇಲೆ ಕೂತ. ಮಧ್ಯಾಹ್ನ ಮೇಡಂ ಚೀಲ ಹೆಗಲಿಂದ ಇಳಿಸದೆಯೇ ಒಳಗೆ ಬಂದು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ನಡೆದಳು.

"ಏನ್ ಹಾಕಿದ್ರಿ ಅಣ್ಣ?"

"ನೀವೇ ಹೇಳಿದ್ರಲ್ಲ, ಮದ್ದು."

"ಮದ್ದು ಅಂದ್ರೆ ಔಷಧಿ."

"ಹುಳಕ್ಕೆ ಮದ್ದು ಅಂದ್ರೆ ಯಾರಾದ್ರೂ ಔಷಧಿ ಅಂದ್ಕೋತಾರಾ? ಅಂಗಡಿಗೆ ಹೋಗಿ ಕೇಳಿ, ಏನ್ ಕೊಡ್ತಾರೆ ನೋಡೋಣ."

"ಹುಳ ಅಂದ್ರೆ ನಮ್ಮ ಹುಳ."

"ನಾನು ನುಸಿ ಅಂದ್ಕೊಂಡೆ. ನಾನು ಹೇಳಿದ್ದೂ ಅದನ್ನೇ."

ತಪ್ಪು ಇಬ್ಬರದು ಎಂದು ಇಬ್ಬರಿಗೂ ತಿಳಿಯಿತು. ಆದರೆ ಡಬ್ಬಿ ಯಾರ ಮನೆಯದೆಂದೂ ಇಬ್ಬರಿಗೂ ತಿಳಿದಿತ್ತು.

ದೊಡ್ಡ ಮೇಷ್ಟ್ರು ಅಂದರೆ ಆ ವಿಭಾಗದ ಹಿರಿಯರು. ಮೆತ್ತಗೆ ಮಾತಾಡುವ ಬೋಳುತಲೆಯ ಮನುಷ್ಯ. ಅವರು ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. ಕ್ಯಾಮೆರಾ ಬೇರೆಯವರದು, ತಿಂಗಳ ಕೊನೆಗೆ ವಾಪಸ್ ಹೋಗಬೇಕು, ಅಷ್ಟರೊಳಗೆ ಓಟದ ಚಿತ್ರ ಮುಗಿಯದಿದ್ದರೆ ಮೇಡಂ ಕೆಲಸ ಒಂದು ವರ್ಷ ಹಿಂದಕ್ಕೆ ಬೀಳುತ್ತದೆ ಎಂದರು. ಕನ್ನಡಕ ಒರೆಸುತ್ತ ಕೇಳಿದರು, "ಮನೇಲಿ ಇನ್ನೂ ವಿಷ ಇಟ್ಕೊಂಡಿರೋರು ಈ ಕೋಣೇಲಿ ಇರೋದು ಹೇಗಪ್ಪಾ?"

"ಹುಳ ನಾನು ತಂದುಕೊಡ್ತೀನಿ ಸಾರ್" ಎಂದ ಮದ್ದಿನಣ್ಣ.

"ತನ್ನಿ. ಆಮೇಲೆ ನೋಡೋಣ."

ನೋಡೋಣ ಎಂದರೆ ಏನೆಂದು ದುಡಿದು ತಿನ್ನುವವರಿಗೆ ಗೊತ್ತಿರುತ್ತದೆ. ಈ ಕೋಣೆ ಹೋದರೆ ಮತ್ತೆ ಬೆನ್ನಿಗೆ ಪಂಪು. ಪಂಪು ಬಂದರೆ ಎದೆಯ ಕಥೆ ಡಾಕ್ಟರು ಹೇಳಿಯಾಗಿದೆ. ಮನೆಯಲ್ಲಿ ಹೆಂಡತಿಗೆ ಜಿರಳೆ ಸತ್ತದ್ದು ದೊಡ್ಡದಾಗಲಿಲ್ಲ, ಡಬ್ಬಿ ದೊಡ್ಡದಾಯಿತು.

"ಅಟ್ಟದ ಮೇಲೆ ಇಟ್ಟಿದ್ರಾ? ನಾನು ಉಪ್ಪಿನ ಚೀಲ ಅಲ್ಲೇ ಇಡೋದು."

"ಬೇಕಾದೀತು ಅಂತ."

"ಯಾರಿಗೆ? ನಿಮಗಾ, ನನಗಾ?"

ಹಳೇ ಕಸುಬು ಬಿಟ್ಟೆ ಎಂದು ಹೇಳಿಕೊಂಡು ತಿರುಗಿದ್ದರೂ ಅವನ ಒಂದು ಕಾಲು ಅತ್ತಲೇ ಇತ್ತು. ಈ ಕೆಲಸ ನಿಲ್ಲುತ್ತದೆಂದು ಅವನಿಗೇ ನಂಬಿಕೆ ಇರಲಿಲ್ಲ. ಮಾರನೆಯ ದಿನ ಡಬ್ಬಿಯನ್ನು ಮದ್ದಿನಂಗಡಿಗೇ ಹಿಂದಕ್ಕೆ ಕೊಟ್ಟು, ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಜಿರಳೆ ಬೇಡಲು ಹೊರಟ.

ಬೇಡುವುದೇ ಸರಿಯಾದ ಮಾತು. ಅವನು ಹಿಂದೆ ಮದ್ದು ಹೊಡೆದ ಮನೆಗಳಿಗೇ ಹೋದ. ಮೊದಲ ಮನೆಯ ಗೃಹಿಣಿ ಬಾಗಿಲನ್ನು ಅರ್ಧ ತೆರೆದು, "ಜಿರಳೆನಾ? ನಮ್ಮನೇಲಾ? ಎದುರು ಮನೇಲಿ ಕೇಳಿ, ಅಲ್ಲಿ ರಾಶಿ ಇದೆ" ಎಂದಳು. ಎದುರು ಮನೆಯಾಕೆ ಸೊಂಟಕ್ಕೆ ಕೈ ಕೊಟ್ಟು, "ಯಾರು ಹೇಳಿದ್ದು? ಅವಳಾ? ಅವಳ ಮನೆಯಿಂದಲೇ ಪೈಪಿನಲ್ಲಿ ಬರೋದು" ಎಂದಳು. ಒಪ್ಪಿಕೊಂಡಂತಾಯಿತಲ್ಲ ಎಂದು ಇವನು ಬಾಟಲಿ ತೆಗೆಯುವಷ್ಟರಲ್ಲಿ, "ಬರೋದು, ಆದರೆ ಇಲ್ಲ" ಎಂದು ಬಾಗಿಲು ಹಾಕಿಕೊಂಡಳು. ದುಡ್ಡು ಕೊಟ್ಟು ಕೊಲ್ಲಿಸುವಾಗ ಕೈ ಹಿಡಿದು ಮೂಲೆ ಮೂಲೆ ತೋರಿಸಿದ್ದ ಜನ, ಪುಕ್ಕಟೆ ಹಿಡಿದುಕೊಂಡು ಹೋಗುತ್ತೇನೆಂದರೆ ಒಂದೂ ಇಲ್ಲವೆಂದು ಆಣೆಯಿಟ್ಟರು. ಬೀದಿಗೆ ಬೀದಿಯೇ ಹೀಗೆ.

ಉಳಿದದ್ದು ಭಾವ. ಹೆಂಡತಿಯ ಅಣ್ಣ, ಬಸ್ ನಿಲ್ದಾಣದ ಪಕ್ಕ ಹೋಟೆಲು ನಡೆಸುವವನು. ಪಂಪು ಬಿಟ್ಟಾಗಿನಿಂದ ಇಬ್ಬರಿಗೂ ಅಷ್ಟಕ್ಕಷ್ಟೇ. ಭಾವನ ಅಡುಗೆಮನೆಗೆ ತಿಂಗಳು ತಿಂಗಳು ಬಿಟ್ಟಿ ಮದ್ದು ಹೊಡೆಯುತ್ತಿದ್ದವನು ಇವನೇ. ಮಧ್ಯಾಹ್ನದ ಗಿರಾಕಿಗಳು ಇನ್ನೂ ಊಟ ಮುಗಿಸಿ ಎದ್ದಿರಲಿಲ್ಲ. ಇವನು ಗಲ್ಲಾದ ಹತ್ತಿರ ಹೋಗಿ, "ಭಾವ, ಸ್ವಲ್ಪ ಜಿರಳೆ ಬೇಕಿತ್ತು" ಎಂದ.

ಎರಡು ಮೇಜಿನವರು ತುತ್ತು ನಿಲ್ಲಿಸಿದರು.

ಭಾವ ಹಲ್ಲು ಕಚ್ಚಿ ನಕ್ಕ. "ಸಾಮಾನು ಅನ್ನು, ಸಾಮಾನು" ಎಂದು ಪಿಸುಗುಟ್ಟಿ, ಗಟ್ಟಿಯಾಗಿ, "ಸಾಮಾನು ಬೇಕಿತ್ತಾ? ಬಾ, ಹಿಂದೆ ಬಾ" ಎಂದು ರೆಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದ. ಅಡುಗೆಮನೆಯಲ್ಲಿ ಬಿಟ್ಟ ಕೂಡಲೇ ಸುರುಮಾಡಿದ. "ನಿನಗೆ ನಾಚಿಕೆ ಇಲ್ವೇನಯ್ಯಾ? ಒಂದು ವರ್ಷ ಈ ಕಡೆ ತಲೆ ಹಾಕ್ಲಿಲ್ಲ. ಆ ಒಲೆ ಹಿಂದೆ ಕೈ ಇಡೋ ಹಾಗಿಲ್ಲ, ಮೀಸೆ ಬೀಸ್ಕೊಂಡು ನನ್ನನ್ನೇ ಹೆದರಿಸ್ತವೆ. ಈಗ ಬಂದು ಸಾಕೋಕೆ ಬೇಕು ಅಂತೀಯಾ."

"ಹಿಡ್ಕೊಂಡು ಹೋದ್ರೆ ನಿನಗೂ ಒಳ್ಳೇದಲ್ವಾ ಭಾವ?"

"ನೀನು ಹಿಡಿಯೋದು ನೂರು, ಉಳಿಯೋದು ಸಾವಿರ. ಹಿಡಿ, ಬೇಡ ಅನ್ನಲ್ಲ. ಹಿಡಿದಾದ ಮೇಲೆ ಪಂಪ್ ತಂದು ಒಂದು ಸಲ ಹೊಡೆದು ಹೋಗು. ಒಂದೇ ಸಲ."

"ಪಂಪ್ ಮುಟ್ಟಲ್ಲ."

"ಒಂದೇ ಸಲಕ್ಕೆ ಏನಾಗುತ್ತೋ?"

"ಒಂದೇ ಸಲ ಅಂತ ಹೋದ ವಾರ ಮದ್ದು ಮುಟ್ಟಿದ್ದಕ್ಕೇ ಇವತ್ತು ನಿನ್ನ ಒಲೆ ಹಿಂದೆ ನಿಂತಿದೀನಿ."

"ಹಂಗಾದ್ರೆ ನಡಿ. ನನ್ನ ಸಾಮಾನು ನನ್ನ ಹತ್ರಾನೇ ಇರ್ಲಿ."

ಜಿರಳೆಗೂ ಇಂಥ ಕಾಲ ಬರುತ್ತದೆಂದು ಯಾರು ಅಂದುಕೊಂಡಿದ್ದರು? ಮದ್ದಿನಣ್ಣ ಖಾಲಿ ಬಾಟಲಿ ಕುಲುಕಿಕೊಂಡು ಮನೆಗೆ ಬಂದ. ಹೆಂಡತಿ ನಡೆದದ್ದನ್ನು ಕೇಳಿಸಿಕೊಂಡಳು. ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿ, "ಆ ಪಂಪ್ ಎತ್ಕೊಳ್ಳಿ" ಎಂದಳು.

"ಮುಟ್ಟಲ್ಲ ಅಂದ್ನಲ್ಲೇ."

"ಸರಿ, ನಾನೇ ಎತ್ಕೋತೀನಿ."

ಹೋಟೆಲಿನ ಹಿಂಬಾಗಿಲಲ್ಲಿ ಅವಳು ಪಂಪನ್ನು ಅಣ್ಣನ ಕಾಲ ಹತ್ತಿರ ಇಟ್ಟಳು. "ತಗೋ ಅಣ್ಣ, ಇವತ್ತಿಂದ ಇದು ನಿಂದು. ಒಲೆ ನಿಂದು, ಜಿರಳೆ ನಿಂದು, ಪಂಪೂ ನಿಂದು. ನಿನ್ನ ಎದೆ ಗಟ್ಟಿಯಾಗಿದೆ, ಹೊಡ್ಕೋ. ಇವರದು ನನಗೆ ಬೇಕು."

ಭಾವ ತಂಗಿಯ ಮುಖ ನೋಡಿದ, ಪಂಪನ್ನು ನೋಡಿದ. ಬೆನ್ನಿಗೆ ಹಾಕಿಕೊಂಡು ಪಟ್ಟಿ ಸರಿಮಾಡಿಕೊಂಡ. ಹೊಟ್ಟೆಗೆ ಅದು ಸಾಲಲಿಲ್ಲ. "ಒಳ್ಳೆ ಮನೆಗೆ ತಂಗಿ ಕೊಟ್ಟೆ" ಎಂದಷ್ಟೇ ಹೇಳಿ ದಾರಿ ಬಿಟ್ಟ.

ಮದ್ದಿನಣ್ಣ ಬಾಟಲಿಯ ಕಂಠಕ್ಕೆ ಒಳಗಿನಿಂದ ಎಣ್ಣೆ ಸವರಿ, ತಳದಲ್ಲಿ ಕೊಳೆತ ಬಾಳೆಹಣ್ಣು ಹಾಕಿ ಒಲೆಯ ಹಿಂದೆ ಸಾಲಾಗಿ ನಿಲ್ಲಿಸಿದ. ಇಳಿದದ್ದು ಹತ್ತಲಾರದು. ಮೂರು ದಿನಕ್ಕೆ ಬಾಟಲಿಗಳು ಕಪ್ಪಾದವು.

ಕಾಲೇಜಿನಲ್ಲಿ ಅವನ್ನು ಪೆಟ್ಟಿಗೆಗೆ ಸುರಿದಾಗ ಮೇಡಂ ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಹಳೆಯವು ಮೆತ್ತನೆ ಕೂತಿರುತ್ತಿದ್ದವು, ಹಿಡಿಯಲು ಹೋದರೆ ಹಿಡಿಸಿಕೊಳ್ಳುತ್ತಿದ್ದವು. ಇವು ಬೀದಿಯ ಪೋಲಿಗಳು. ಒಂದಕ್ಕೆ ಮೀಸೆ ಮುರಿದಿದೆ, ಒಂದಕ್ಕೆ ಹಿಂದಿನ ಕಾಲಿಲ್ಲ, ಇನ್ನೊಂದಕ್ಕೆ ಕಾಲು ಮತ್ತೆ ಮೊಳೆತು ಗಿಡ್ಡಾಗಿದೆ. ತೊಳೆದ ಮೇಲೂ ಹಳೇ ಪೆಟ್ಟಿಗೆಯ ಮರದ ಅಂಚಿನಲ್ಲಿ ಸ್ವಲ್ಪ ಮದ್ದು ಉಳಿದಿತ್ತೋ ಏನೋ, ಅವುಗಳಲ್ಲಿ ಒಂದಕ್ಕೂ ಏನೂ ಆಗಲಿಲ್ಲ. ಅದೇ ಅಂಚಿನ ಮೇಲೆ ಕೂತು ಮುಖ ಉಜ್ಜಿಕೊಂಡವು.

"ಇವಕ್ಕೆ ಏನೂ ಆಗಲ್ಲ ಮೇಡಂ" ಎಂದ ಮದ್ದಿನಣ್ಣ. "ನಾನು ನೋಡಿದ್ದು ಇಂಥವನ್ನೇ. ಅದಕ್ಕೇ ನಿಮ್ಮವೂ ತಡ್ಕೋತಾವೆ ಅಂದ್ಕೊಂಡೆ."

ಮೇಡಂ ಪರದೆಯ ಕಡೆ ಕೈ ತೋರಿಸಿದಳು. ಅಲ್ಲಿ ಕಡ್ಡಿ ಜೀವಗಳು ಅವುಗಳ ಪಾಡಿಗೆ ಸಾಯುತ್ತ ಹುಟ್ಟುತ್ತ ಇದ್ದವು. "ನಾನು ಇಲ್ಲಿ ಮಾಡೋದನ್ನ ನೀವು ಊರಲ್ಲಿ ಮಾಡಿದೀರಿ ಅಣ್ಣ. ಮೆತ್ತಗಿರೋದೆಲ್ಲ ನಿಮ್ಮ ಮದ್ದಿಗೆ ಹೋಯ್ತು, ಗಟ್ಟಿ ಇರೋದು ಮರಿ ಹಾಕ್ತು. ಇಪ್ಪತ್ತು ವರ್ಷ ಇವನ್ನ ಸಾಕಿರೋದು ನೀವೇ."

ಅವನಿಗೆ ಇದು ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಮೊದಲ ದಿನಗಳಲ್ಲಿ ಒಂದೂ ನೆಟ್ಟಗೆ ಓಡಲಿಲ್ಲ. ಹಾದಿಯ ಗೋಡೆ ಹತ್ತಿ ಕ್ಯಾಮೆರಾದ ಕಣ್ಣಿನ ಮೇಲೇ ಕೂತದ್ದೂ ಉಂಟು. ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತಳು. ಕಾಲಿಲ್ಲದವನ್ನು ಆರಿಸಿ ಎಸೆಯಲು ಹೇಳಿದವಳು, ಎಸೆಯುವ ಮೊದಲು ಒಂದನ್ನು ಓಡಿಸಿ ನೋಡೋಣ ಎಂದಳು. ಐದೇ ಕಾಲಿನದು, ಇಟ್ಟಿಗೆ ಚೂರು ಹರಡಿದ ಹಾದಿಯಲ್ಲಿ ಆರು ಕಾಲಿನ ಜೊತೆಗಾರರಿಗೆ ಏನೂ ಕಡಿಮೆಯಿಲ್ಲದಂತೆ ಓಡಿತು. ಇದ್ದ ಕಾಲುಗಳ ಸರದಿಯನ್ನೇ ಅದು ಬದಲಿಸಿಕೊಂಡಿತ್ತು. ಆರ್ಕಾಲನಿಗೆ ಒಂದು ಕಾಲು ಮುರಿದರೆ ಮುಂದೇನು ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕುಸಿದ ಕಟ್ಟಡದೊಳಗೆ ಮುರಿಯದೆ ಇರುತ್ತದೆಯೇ? ತಿಂಗಳ ಉಳಿದ ದಿನಗಳಲ್ಲಿ ಕುಂಟುಗಳನ್ನೇ ಓಡಿಸಿದರು. ಕ್ಯಾಮೆರಾ ಹೋಗುವ ಹೊತ್ತಿಗೆ ಚಿತ್ರ ಸಾಕಷ್ಟು ಆಗಿತ್ತು. ಆರ್ಕಾಲ ಈಗಲೂ ಬೀಳುತ್ತಿತ್ತು, ಆದರೆ ಬೇರೆ ಥರ ಬೀಳುತ್ತಿತ್ತು.

ದೊಡ್ಡ ಮೇಷ್ಟ್ರು ಬಂದು ನೋಡಿ, "ಸದ್ಯಕ್ಕೆ ಇವರು ಇಲ್ಲೇ ಇರಲಿ, ಮುಂದಿನದು ಮೇಡಂಗೆ ಬಿಟ್ಟಿದ್ದು" ಎಂದು ಹೋದರು. ಕೋಣೆಯಲ್ಲಿ ಮದ್ದು ಎಂಬ ಪದವನ್ನು ಯಾರೂ ಆಡಕೂಡದು, ಔಷಧಿ ಅನ್ನಿ ಇಲ್ಲ ವಿಷ ಅನ್ನಿ ಎಂಬ ಕಟ್ಟಳೆ ಬಂತು. ಪಾಪ, ಅವನನ್ನು ಕರೆಯುವುದು ಹೇಗೆಂದು ಒಂದು ವಾರ ಎಲ್ಲರೂ ತಡಬಡಾಯಿಸಿದರು.

ಮರಿಗಳಾದವು. ಅವು ಬೆಳೆದು ಮತ್ತೆ ಮೊಟ್ಟೆಯಿಟ್ಟವು. ಒಂದು ಬೆಳಿಗ್ಗೆ ಮೇಡಂ ಕೈಯಲ್ಲಿ ಸಣ್ಣ ಸೀಸೆ ಹಿಡಿದು ಬಂದಳು.

"ಅಣ್ಣ, ಒಂದು ವಿಷಯ. ಹಿಂಗೇ ಬಿಟ್ರೆ ಇವೂ ಕೆಲವು ತಲೆಮಾರಿಗೆ ಹಳೆಯವುಗಳ ಹಾಗೇ ಮೆತ್ತಗಾಗ್ತವೆ. ಅರ್ಧ ಪೆಟ್ಟಿಗೆಗಳಿಗೆ ಏನೂ ಬೇಡ. ಇನ್ನರ್ಧಕ್ಕೆ ಆಗಾಗ ಒಂದು ಹನಿ ವಿಷ. ಗಟ್ಟಿಯವು ಹೇಗೆ ಓಡ್ತವೆ, ಮೆತ್ತಗಿನವು ಹೇಗೆ ಓಡ್ತವೆ, ಹೋಲಿಸಬೇಕು. ನಿಮಗೆ ಅಳತೆ ಚೆನ್ನಾಗಿ ಗೊತ್ತು."

ಅವನು ನೀರಿನ ಬತ್ತಿ ಹಿಂಡುತ್ತಿದ್ದವನು ಹಿಂಡುತ್ತಲೇ ಇದ್ದ. ಹೂಂ ಎಂದರೆ ಕೆಲಸ ಗಟ್ಟಿಯಾಗುತ್ತದೆ, ಊಹೂಂ ಎಂದರೆ ಮುಂದಿನದು ಅವಳಿಗೆ ಬಿಟ್ಟಿದ್ದು. ಒಂದು ಹನಿಗೆ ಎದೆಗೇನೂ ಆಗದು ಎಂಬುದೂ ಅವನಿಗೆ ಗೊತ್ತು.

"ಅದಕ್ಕೆ ಬೇರೆಯವರನ್ನ ನೋಡ್ಕೊಳ್ಳಿ ಮೇಡಂ" ಎಂದ.

"ಒಂದೇ ಹನಿ ಅಣ್ಣ."

"ಹನಿಯಿಂದಲೇ ಶುರುವಾಗೋದು. ನೀರು ಹಾಕು ಅನ್ನಿ, ಹಾಕ್ತೀನಿ. ಕಸ ತೆಗಿ ಅನ್ನಿ, ತೆಗೀತೀನಿ. ನಾನೇ ಬೇಡ ಅನ್ನೋದಾದ್ರೆ ಈಗಲೇ ಹೇಳಿಬಿಡಿ, ಮನೇಲಿ ಹೇಳ್ಬೇಕು."

ಅವಳು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಅದನ್ನು ಹಿಡಿದುಕೊಂಡೇ ಹೊರಗೆ ಹೋದಳು. ಆ ದಿನ ಮತ್ತೆ ಬರಲಿಲ್ಲ.

ಮಾರನೆಯ ದಿನ ಬಂದಾಗ ಕೈಗೆ ರಬ್ಬರಿನ ಗವಸು, ಬಾಯಿಗೆ ಬಟ್ಟೆ. "ಕಿಟಕಿ ಕಡೆ ಇರೋವು ನಿಮಗೆ, ಗೋಡೆ ಕಡೆ ಇರೋವು ನನಗೆ" ಎಂದು ಹೇಳಿ ಗೋಡೆಯ ಕಡೆಯ ಮೊದಲ ಪೆಟ್ಟಿಗೆಯ ಮುಂದೆ ಕೂತಳು. ಬಟ್ಟೆಯನ್ನು ಮೂಗಿನ ಕೆಳಗೆ ಕಟ್ಟಿಕೊಂಡಿದ್ದಳು. ಅವನು ಎದ್ದು ಹೋಗಿ, ಗಂಟು ಬಿಚ್ಚಿ, ಮೂಗು ಮುಚ್ಚುವಂತೆ ಮೇಲಕ್ಕೆ ಕಟ್ಟಿಕೊಟ್ಟ. ಕಿಟಕಿ ತೆರೆದ. ತನ್ನ ಕಡೆಗೆ ಹೋಗಿ ನೀರು ಹಾಕತೊಡಗಿದ.